ಐವತ್ತಾರನೆಯ ಕಿಲೋಮೀಟರಿನ ಹೊಟ್ಟೆ

ಹೊಟ್ಟೆಯ ವಿಷಯದಲ್ಲಿ ಎಲ್ಲರೂ ಪಂಡಿತರೇ. ಕಾಲು ಉಳುಕಿದರೆ ಮೂಳೆ ಡಾಕ್ಟರನ್ನು ಕೇಳು ಅನ್ನುತ್ತಾರೆ, ಕಣ್ಣು ಮಂಜಾದರೆ ಕಣ್ಣಿನವರ ಹತ್ತಿರ ಹೋಗು ಅನ್ನುತ್ತಾರೆ. ಹೊಟ್ಟೆ ಕೆಟ್ಟಿತು ಅಂದರೆ ಮಾತ್ರ ಬಸ್ಸಿನಲ್ಲಿ ಪಕ್ಕ ಕೂತವನೂ ಮದ್ದು ಹೇಳುತ್ತಾನೆ. ನನ್ನ ತಮ್ಮನ ಮಗಳ ಹೊಟ್ಟೆಗೆ ಮೂರು ವರ್ಷದಲ್ಲಿ ಮದ್ದು ಹೇಳಿದವರನ್ನು ಸಾಲಾಗಿ ನಿಲ್ಲಿಸಿದರೆ ಆ ಸಾಲೇ ಒಂದು ಕಿಲೋಮೀಟರು ಆದೀತು.

ಅವಳನ್ನು ಮನೆಯಲ್ಲಿ ಸೂಜಿ ಅಂತ ಕರೆಯುತ್ತೇವೆ. ಹುಟ್ಟಿದಾಗಿನಿಂದ ಸಪೂರ, ಮಾತು ಚುಚ್ಚುವ ಹಾಗೆ. ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವ ಕೆಲಸ ಅವಳದು. ಬೆಳಗ್ಗೆಯಿಂದ ಸಂಜೆಯವರೆಗೆ ತಿರುಗುವ ಕಲ್ಲಿಗೆ ಗಾಜಿನ ಅಂಚು ಹಿಡಿದು, ಮೊಣಕೈವರೆಗೂ ನೀರು ಚಿಮ್ಮಿಸಿಕೊಂಡು, ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಆಗದ ಹಾಗೆ ಉಜ್ಜುತ್ತ ನಿಂತೇ ಇರುತ್ತಾಳೆ. ಅಷ್ಟು ನಿಂತದ್ದು ಸಾಲದು ಅಂತ ರಜೆಯ ದಿನ ಬೆಟ್ಟದಲ್ಲಿ ಓಡುತ್ತಾಳೆ. ಟಾರು ರಸ್ತೆಯ ಓಟವಲ್ಲ, ಕಾಲುದಾರಿಯ ಓಟ. ಕಲ್ಲು, ಬೇರು, ಹಳ್ಳ, ಏರು, ಜಾರು. ವರ್ಷಕ್ಕೊಮ್ಮೆ ನಡೆಯುವ ದೊಡ್ಡ ಓಟ ಎಂಬತ್ತು ಕಿಲೋಮೀಟರಿನದು. ಬೆಳಗ್ಗೆ ಐದಕ್ಕೆ ಬಿಟ್ಟರೆ ಸಂಜೆ ಏಳರೊಳಗೆ ಮುಗಿಸಬೇಕು. ಏಳು ಹೊಡೆದ ಮೇಲೆ ಬಂದವರು ಓಡಿದ್ದೂ ಒಂದೇ, ಮನೆಯಲ್ಲಿ ಮಲಗಿದ್ದೂ ಒಂದೇ.

ಅವಳ ಅಪ್ಪ, ನನ್ನ ತಮ್ಮ, ಹೋಗಿ ಹತ್ತು ವರ್ಷವಾಯಿತು. ಹಾಗಾಗಿ ಓಟದ ದಿನ ಅವಳ ಹಿಂದೆ ಬುತ್ತಿ ಹೊತ್ತು ಹೋಗುವವರು ಇಬ್ಬರೇ. ಒಬ್ಬ ಅವಳ ಗಂಡ. ಇನ್ನೊಬ್ಬ ನಾನು, ಅವಳ ದೊಡ್ಡಪ್ಪ.

ನಾನು ಮೂವತ್ತೆಂಟು ವರ್ಷ ಹೇಸರಗತ್ತೆಗಳ ಲಾಯದಲ್ಲಿ ಇದ್ದವನು. ಬೆಟ್ಟದ ಮೇಲಿನ ಕಲ್ಲುಗಣಿಗೆ ರಸ್ತೆ ಆಗುವವರೆಗೂ ಸಾಮಾನು ಹೊರುತ್ತಿದ್ದದ್ದು ನಮ್ಮ ಪ್ರಾಣಿಗಳೇ. ಕುದುರೆಯ ಸೊಕ್ಕು, ಕತ್ತೆಯ ಹಠ, ಎರಡನ್ನೂ ಒಂದೇ ಚರ್ಮದೊಳಗೆ ಹೊಲಿದಿಟ್ಟ ಪ್ರಾಣಿ ಅದು. ಅದರ ಕಾಲು ಗಟ್ಟಿ, ಬೆನ್ನು ಗಟ್ಟಿ. ಕೈಕೊಡುವುದು ಹೊಟ್ಟೆ ಒಂದೇ. ಅದಕ್ಕೆ ವಾಂತಿ ಮಾಡಲು ಬರುವುದಿಲ್ಲ. ಒಳಗೆ ಹೋದದ್ದು ಕೆಳಗೇ ಇಳಿಯಬೇಕು, ಇಳಿಯದಿದ್ದರೆ ಪ್ರಾಣಿ ಉಳಿಯುವುದಿಲ್ಲ. ಅದಕ್ಕೇ ಲಾಯದವರು ದಿನಕ್ಕೆರಡು ಸಲ ಪಕ್ಕೆಯ ಹಿಂದಿನ ಮೆತ್ತನೆ ಜಾಗಕ್ಕೆ ಕಿವಿ ಇಟ್ಟು ಕೇಳುತ್ತೇವೆ. ಗುಡುಗುಡು ಅಂದರೆ ಕ್ಷೇಮ. ಸದ್ದಿಲ್ಲ ಅಂದರೆ ಓಡಿ ಹೋಗಿ ದೊಡ್ಡವರನ್ನು ಕರೆಯಬೇಕು. ಕಡೆಕಡೆಗೆ ಎಲ್ಲರೂ ಕರೆಯುತ್ತಿದ್ದ ದೊಡ್ಡವನು ನಾನೇ ಆಗಿದ್ದೆ.

ಮೊದಲ ವರ್ಷ ಸೂಜಿ ಐವತ್ತಾರನೆಯ ಕಿಲೋಮೀಟರಿನಲ್ಲಿ ಬಿದ್ದಳು. ಬಿದ್ದಳು ಅಂದರೆ ಎಡವಿ ಅಲ್ಲ. ಹೊಟ್ಟೆ ಹಿಡಿದುಕೊಂಡು ಬೆಂಚಿನ ಮೇಲೆ ಮುದುಡಿದವಳು ಏಳಲಿಲ್ಲ. ಎರಡನೆಯ ವರ್ಷ ಅಲ್ಲಿಂದ ಹಠಮಾಡಿ ಎದ್ದು ಹೋದಳು, ಐದು ಕಿಲೋಮೀಟರು ಮುಂದೆ ದಾರಿ ಪಕ್ಕದ ಕಲ್ಲಿನ ಮೇಲೆ ಕೂತಿದ್ದಳಂತೆ, ಜೀಪಿನಲ್ಲಿ ಕರೆತಂದರು. ಕಾಲಿಗೆ ಬುದ್ಧಿ ಹೇಳುವುದನ್ನು ಎಲ್ಲರೂ ಬಲ್ಲರು, ಹೊಟ್ಟೆಗೆ ಬುದ್ಧಿ ಹೇಳುವುದು ಯಾರಿಗೂ ಬರಲಿಲ್ಲ.

ಆಮೇಲೆ ಶುರುವಾಯಿತು ಪಂಡಿತರ ಕಾಟ. ಅವಳ ತಾಯಿ, ಹೆಂಗಸಿನ ಹೊಟ್ಟೆ ಓಡುವುದಕ್ಕೆ ಮಾಡಿದ್ದಲ್ಲ ಅಂದಳು. ಅಂಗಡಿಯ ಯಜಮಾನರು, ಓಡುವಾಗ ಬಾಯಿ ಮುಚ್ಚಿ ಉಸಿರಾಡಬೇಕು, ಗಾಳಿ ನುಂಗಿದರೆ ಹಾಗೇ ಅಂದರು. ಒಬ್ಬಾಕೆ ಹಾಲು ಬಿಡು ಅಂದಳು, ಇನ್ನೊಬ್ಬಳು ಹಾಲೇ ಕುಡಿ ಅಂದಳು. ದೊಡ್ಡಾಸ್ಪತ್ರೆಯಲ್ಲಿ ಗಂಟಲೊಳಗೆ ಕೊಳವೆ ಇಳಿಸಿ ಹೊಟ್ಟೆಯ ಒಳಗೋಡೆಯನ್ನೆಲ್ಲ ನೋಡಿದರು. ಕನ್ನಡಿಯ ಹಾಗೆ ಸ್ವಚ್ಛವಾಗಿದೆ ಅಂತ ಬರೆದುಕೊಟ್ಟರು. ಒಳ್ಳೆಯ ಸುದ್ದಿ ಅಂತ ಎಲ್ಲರೂ ಖುಷಿಪಟ್ಟರೆ ಸೂಜಿ ಮಾತ್ರ ಮುಖ ಬಾಡಿಸಿಕೊಂಡು ಬಂದಳು. ಹೊಟ್ಟೆಯಲ್ಲಿ ಏನೂ ಇಲ್ಲ ಅಂದ ಮೇಲೆ ಇರುವುದು ತಲೆಯಲ್ಲೇ ಅಂತ ಆಯಿತಲ್ಲ.

ಅದಕ್ಕೆ ಸಾಕ್ಷಿಯೂ ಇತ್ತು. ಮನೆಯ ಹತ್ತಿರದ ಗುಡ್ಡದಲ್ಲಿ ಅಭ್ಯಾಸಕ್ಕೆ ಓಡುವಾಗ ಅವಳಿಗೆ ಏನೂ ಆಗುತ್ತಿರಲಿಲ್ಲ. ಐವತ್ತು ಓಡಿದರೂ ಇಲ್ಲ, ಒಮ್ಮೆ ಅರವತ್ತು ಓಡಿದಾಗಲೂ ಇಲ್ಲ. ಓಟದ ದಿನ ಮಾತ್ರ. ಹಾಗಾದರೆ ಹೆದರಿಕೆಯೇ ತಾನೆ? ಮನಸ್ಸಿನ ಡಾಕ್ಟರೊಬ್ಬರ ಹತ್ತಿರ ಹೋದಳು. ಅವರು ಒಂದು ನೋಟುಪುಸ್ತಕ ಕೊಟ್ಟು, ದಿನಾ ನಿನ್ನ ಹೆದರಿಕೆಗಳನ್ನು ಬರೆ ಅಂದರು. ಪಾಪ, ಹುಡುಗಿ ಬರೆದಳು. ಹುಡುಕಿದರೆ ಯಾರ ಮನೆಯ ಮೂಲೆಯಲ್ಲಿ ಜೇಡ ಸಿಗುವುದಿಲ್ಲ? ಮೊದಲು ಅವಳಿಗೆ ನಾಲ್ಕೈದು ಹೆದರಿಕೆ ಇದ್ದವು, ಬರೆಯುತ್ತ ಬರೆಯುತ್ತ ಪುಸ್ತಕ ತುಂಬಿತು. ಗಾಜು ಉಜ್ಜುವಾಗ ಕೈ ನಡುಗುತ್ತದೆ ಅನ್ನತೊಡಗಿದಳು. ಹಿಂದೆ ಎಂದೂ ನಡುಗಿರಲಿಲ್ಲ.

ಮೂರನೆಯ ವರ್ಷದ ಓಟಕ್ಕೆ ಹೆಸರು ಕೊಡುವಾಗ ನನ್ನ ಎದುರಿಗೇ ಗಂಡನಿಗೆ ಹೇಳಿದಳು, ಈ ಸಲವೂ ಹೀಗಾದರೆ ನಾನು ಪುಕ್ಕಲಿ ಅಂತ ಒಪ್ಪಿಕೊಂಡುಬಿಡುತ್ತೇನೆ, ಬೂಟು ಯಾರಿಗಾದರೂ ಕೊಟ್ಟುಬಿಡುತ್ತೇನೆ ಅಂತ. ಬೂಟಿನ ಮಾತಿಗೆ ನನಗೆ ಬೇಸರವಾಗಲಿಲ್ಲ. ಒಪ್ಪಿಕೊಂಡುಬಿಡುತ್ತೇನೆ ಅಂದಳಲ್ಲ, ಅದು ನನ್ನನ್ನು ಕೊರೆಯಿತು. ಹೊರೆ ಕೆಳಗಿಡಲು ಒಮ್ಮೆ ಕಲಿತ ಪ್ರಾಣಿ ಆಮೇಲೆ ಚಪ್ಪಟೆ ನೆಲದಲ್ಲೂ ಕೂರುತ್ತದೆ.

ಅಳಿಯನ ವಿಷಯ ಹೇಳಬೇಕು. ಅವನು ಔಷಧದ ಅಂಗಡಿ ಇಟ್ಟುಕೊಂಡವನು. ಒಳ್ಳೆಯ ಹುಡುಗ, ಆದರೆ ಉಗುರು ಕತ್ತರಿಸುವುದಕ್ಕೂ ಅಳತೆಪಟ್ಟಿ ಬೇಕು ಅನ್ನುವ ಜಾತಿ. ಓಟದ ದಿನಕ್ಕೆ ಒಂದು ದೊಡ್ಡ ಹಾಳೆಯಲ್ಲಿ ಗೆರೆ ಎಳೆದು ಯಾವ ನಿಮಿಷಕ್ಕೆ ಏನು ತಿನ್ನಬೇಕು, ಎಷ್ಟು ಗುಟುಕು ಕುಡಿಯಬೇಕು ಅಂತ ಬರೆಯುತ್ತಿದ್ದ. ಅವಳ ಕೈಗಡಿಯಾರ ಇಪ್ಪತ್ತೈದು ನಿಮಿಷಕ್ಕೊಮ್ಮೆ ಕಿರುಚುತ್ತದೆ, ಕಿರುಚಿದಾಗ ಅವಳು ಕುಡಿಯಬೇಕು. ಹಸಿವೆಯಾದರೂ ಬಿಟ್ಟರೂ ಗಡಿಯಾರ ಹೇಳಿದಾಗ ಬಾಯಿ ತೆರೆಯಬೇಕು. ನಿಂಬೆಹುಳಿಯ ವಾಸನೆಯ ಒಂದು ಬಿಳಿ ಪುಡಿ, ಶಕ್ತಿ ಕೊಡುವಂಥದ್ದು, ಅದನ್ನು ಹಿಂದಿನ ದಿನ ತಕ್ಕಡಿಯಲ್ಲಿ ತೂಗಿ ಅರ್ಧ ಲೀಟರಿನ ಬಾಟಲಿಗಳಿಗೆ ಹಾಕಿ ಮುಚ್ಚಳ ಬಿಗಿದು ಇಡುತ್ತಿದ್ದ. ಬೆಳಗ್ಗೆ ಹೊರಡುವಾಗಲೂ, ದಾರಿಯಲ್ಲಿ ಮನೆಯವರು ಓಟಗಾರರನ್ನು ಕಾಣಬಹುದಾದ ಮೂರು ಠಾಣೆಗಳಲ್ಲೂ, ಅವಕ್ಕೆ ನೀರು ತುಂಬಿ ಕುಲುಕಿ ಕೊಡುವುದು ನನ್ನ ಕೆಲಸ.

ನಾನು ಮೊದಲ ವರ್ಷವೇ ಆ ಪುಡಿಯನ್ನು ನೋಡಿದೆ. ಬಾಟಲಿಯ ತಳದಲ್ಲಿ ಧೂಳು ಕೂತ ಹಾಗೆ ಇತ್ತು. ಎಂಬತ್ತು ಕಿಲೋಮೀಟರಿಗೆ ಇಷ್ಟೇನಾ ಅನ್ನಿಸಿತು. ಔಷಧದವನಿಗೆ ಎಲ್ಲವೂ ಚಿಟಿಕೆಯ ಲೆಕ್ಕ. ನಮ್ಮ ಲಾಯದಲ್ಲಿ ಬೇಸಗೆಯಲ್ಲಿ ಏರು ಹತ್ತಿ ಬಂದ ಪ್ರಾಣಿಗೆ ಬಕೆಟ್ಟಿನ ನೀರಿನಲ್ಲಿ ಉಪ್ಪು, ಬೆಲ್ಲ ಧಾರಾಳವಾಗಿ ಕದಡಿ ಇಡುತ್ತಿದ್ದೆವು. ಉಪ್ಪಿಗಿಂತ ರುಚಿಯಿಲ್ಲ ಅಂತ ಗಾದೆಯೇ ಇದೆ. ಹಾಗಾಗಿ ಮನೆಯಿಂದ ಒಂದು ಡಬ್ಬಿಯಲ್ಲಿ ಸಕ್ಕರೆ, ಉಪ್ಪು ಬೆರೆಸಿಕೊಂಡು ಹೋಗಿದ್ದೆ. ಪ್ರತಿ ಬಾಟಲಿಗೂ ಸಣ್ಣ ಹಿಡಿಯಷ್ಟು ಹಾಕಿ, ಮೇಲೆ ನೀರು ತುಂಬಿ, ಚೆನ್ನಾಗಿ ಕುಲುಕಿ ಕೊಟ್ಟೆ. ಎರಡನೆಯ ವರ್ಷವೂ ಹಾಗೇ. ಯಾರಿಗೂ ಹೇಳಲಿಲ್ಲ. ಮುಚ್ಚಿಡಬೇಕು ಅಂತ ಅಲ್ಲ, ಹೇಳುವಂಥದ್ದು ಏನಿದೆ ಅಂತ. ಲಾಯದಲ್ಲಿ ಬಕೆಟ್ಟಿಗೆ ಉಪ್ಪು ಹಾಕಿದವನು ಊರಿಗೆಲ್ಲ ಹೇಳಿಕೊಂಡು ಬರುತ್ತಾನೆಯೇ?

ಓಡುತ್ತ ಓಡುತ್ತ ನೀರು ಸಿಹಿ ಆಗ್ತಾ ಹೋಗತ್ತೆ ಅಂತ ಸೂಜಿ ಎರಡು ವರ್ಷವೂ ಹೇಳಿದ್ದಳು. ಅಳಿಯ ಎಲ್ಲೋ ಓದಿದ್ದನಂತೆ, ದೂರ ಓಡುವವರಿಗೆ ಬಾಯಿಯ ರುಚಿ ಕೆಟ್ಟು ಸಿಹಿ ಹೇಸಿಗೆಯಾಗುತ್ತದಂತೆ. ಅದನ್ನೂ ಹಾಳೆಯಲ್ಲಿ ಬರೆದುಕೊಂಡ. ಓದಿದವನು ಹೇಳಿದ ಮೇಲೆ ನಾನು ಏನು ಕೇಳಲಿ?

ಈ ವರ್ಷ ಬಿಸಿಲು ಬೇಗ ಏರಿತು. ಇಪ್ಪತ್ತನೆಯ ಕಿಲೋಮೀಟರಿನ ಠಾಣೆ ಒಂದು ಗೋದಾಮಿನ ಜಗುಲಿ. ಸೂಜಿ ನಗುತ್ತ ಬಂದಳು, ಬಾಟಲಿ ಬದಲಿಸಿಕೊಂಡಳು, ಹೋದಳು. ಮೂವತ್ತೆಂಟನೆಯದು ಸೇತುವೆಯ ಕೆಳಗೆ. ಅಲ್ಲಿ ನಗಲಿಲ್ಲ, ಆದರೆ ನಿಲ್ಲಲೂ ಇಲ್ಲ. ಹೆಜ್ಜೆ ಮಾತ್ರ ಬದಲಾಗಿತ್ತು. ಹೊಟ್ಟೆ ಕುಲುಕಬಾರದು ಅಂತ ಹೊರೆ ಹೊತ್ತವರ ಹಾಗೆ ಸೊಂಟ ಬಿಗಿದು ಓಡುತ್ತಿದ್ದಳು. ಬಿಸಿಲಿಗೆ ಬೆವರು ಜಾಸ್ತಿ, ಪಾಪ, ಅಂದುಕೊಂಡೆ. ಅಲ್ಲಿ ಕೊಟ್ಟ ಎರಡು ಬಾಟಲಿಗೆ ಹಿಡಿ ತುಸು ದೊಡ್ಡದೇ ಆಯಿತು.

ಐವತ್ತಾರನೆಯ ಕಿಲೋಮೀಟರಿನ ಠಾಣೆ ಒಂದು ಶಾಲೆಯಲ್ಲಿ. ಚಿಕ್ಕ ಮಕ್ಕಳ ತರಗತಿ, ಮೊಣಕಾಲೆತ್ತರದ ಬೆಂಚುಗಳು, ಗೋಡೆಯ ಮೇಲೆ ಕೈಬೆರಳುಗಳನ್ನು ಬಣ್ಣದಲ್ಲಿ ಅದ್ದಿ ಒತ್ತಿದ ಗುರುತುಗಳು. ಬಾಗಿಲಲ್ಲಿ ಮೇಜು ಹಾಕಿಕೊಂಡು ಕೂತಿದ್ದವರು ನಿವೃತ್ತ ಡ್ರಿಲ್ ಮೇಷ್ಟ್ರು. ಅವರ ಮುಂದೆ ದೊಡ್ಡ ಗಡಿಯಾರ. ಮೂರು ಗಂಟೆಯೊಳಗೆ ಆ ಬಾಗಿಲು ದಾಟಿ ಹೋಗದವರು ಮುಂದೆ ಹೋಗುವಂತಿಲ್ಲ. ಒಳಗೆ ಒಬ್ಬ ನರ್ಸಮ್ಮ, ಬಕೆಟ್ಟು, ಟವೆಲ್ಲು, ಬೇಯಿಸಿದ ಆಲೂಗಡ್ಡೆಯ ತಟ್ಟೆ.

ಸೂಜಿ ಎರಡೂ ಹತ್ತಕ್ಕೆ ಬಂದಳು. ಬಂದವಳೇ ಬೆಂಚಿನ ಮೇಲೆ ಒರಗಿದಳು. ಮುಖ ಸುಣ್ಣದ ಗೋಡೆ. ಅವಳ ಕೈಗಡಿಯಾರ ಕಿರುಚಿತು. ಅಳಿಯ ಹಾಳೆ ನೋಡಿ, ಈಗ ಆರು ಗುಟುಕು ಅಂತ ಬಾಟಲಿ ಚಾಚಿದ. ಅವಳು ಆ ಬಾಟಲಿಯನ್ನು ನೋಡಿದ ನೋಟಕ್ಕೆ ಬೇರೆ ಯಾರಾದರೂ ಆಗಿದ್ದರೆ ಊರು ಬಿಡುತ್ತಿದ್ದರು.

ಆಮೇಲೆ ಅರ್ಧ ಗಂಟೆ ಎಲ್ಲರೂ ಅವಳ ಹೊಟ್ಟೆಯ ಮೇಲೆ ಪಂಚಾಯಿತಿ ನಡೆಸಿದರು. ಅಳಿಯ ಒಂದು ಮಾತ್ರೆ ಕೊಟ್ಟ. ಪಕ್ಕದ ಬೆಂಚಿನ ಓಟಗಾರನ ಹೆಂಡತಿ ಶುಂಠಿ ಚೂರು ಕೊಟ್ಟಳು. ಇನ್ನೊಬ್ಬ ಯಾರೋ, ಕಣ್ಣು ಮುಚ್ಚಿ ಸಮುದ್ರವನ್ನು ನೆನೆಸಿಕೊಳ್ಳಿ ಅಂದ. ಅವಳಿಗೆ ಆಗಲೇ ಹೊಟ್ಟೆಯೊಳಗೆ ಸಮುದ್ರ ಇತ್ತು. ನರ್ಸಮ್ಮ ನಾಡಿ ನೋಡಿ, ಜ್ವರ ಇಲ್ಲ, ಪ್ರಜ್ಞೆ ಸರಿ ಇದೆ, ಕೂತಿರಲಿ ಬಿಡಿ ಅಂದರು. ಬುದ್ಧಿಯ ಮಾತು ಅದೊಂದೇ. ಅಳಿಯ ಮೆಲ್ಲಗೆ, ಉಸಿರು ಎಳಕೋ, ಇದೆಲ್ಲ ಮನಸ್ಸು ಕಣೇ ಅಂದ. ಒಳ್ಳೆಯದಕ್ಕೇ ಅಂದದ್ದು. ಸೂಜಿ ಗೋಡೆಯ ಕಡೆ ತಿರುಗಿಕೊಂಡಳು.

ನಾನು ಮೂಲೆಯಲ್ಲಿ ಬಕೆಟ್ಟಿನ ಪಕ್ಕ ಕೂತಿದ್ದೆ. ಎಷ್ಟೋ ಹೊತ್ತಿನ ಮೇಲೆ ಅವಳು ನನ್ನನ್ನು ಕರೆದಳು.

"ದೊಡ್ಡಪ್ಪ, ಎಲ್ಲರೂ ನೋಡಾಯ್ತು. ನೀನೂ ಒಂದ್ಸಲ ಕಿವಿ ಇಟ್ಟು ನೋಡ್ಬಿಡು. ನಿನ್ನ ಕತ್ತೆಗಳಿಗಿಂತ ನಾನೇನು ಕಡಿಮೆ."

ಎರಡು ವರ್ಷವೂ ನನಗೆ ಹಾಗೆ ಮಾಡಬೇಕು ಅನ್ನಿಸಿತ್ತು. ಆದರೆ ಬೆಳೆದ ಹೆಣ್ಣುಮಗಳು, ನೂರು ಜನರ ಎದುರು, ಮುದುಕನೊಬ್ಬ ಹೊಟ್ಟೆಗೆ ಕಿವಿ ಇಡುವುದು ಹೇಗೆ ಅಂತ ಸುಮ್ಮನಿದ್ದೆ. ಈಗ ಅವಳೇ ಕರೆದಳು. ನೆಲಕ್ಕೆ ಮೊಣಕಾಲೂರಿ, ಅವಳ ಅಂಗಿಯ ಮೇಲೆಯೇ, ಪಕ್ಕೆಯ ಕೆಳಗೆ ಕಿವಿ ಇಟ್ಟೆ. ಅಳಿಯ ಏನೋ ಹೇಳಹೊರಟ. ಸುಮ್ಮನಿರಪ್ಪ ಅಂದೆ.

ಮೇಲೆ ನೀರು ಅಲುಗುವ ಸದ್ದು. ಅರ್ಧ ತುಂಬಿದ ಕೊಡವನ್ನು ಹೊತ್ತು ನಡೆದ ಹಾಗೆ. ಕೆಳಗೆ ಏನೂ ಇಲ್ಲ. ಒಂದು ಗುಡುಗೂ ಇಲ್ಲ, ಒಂದು ಸರಿಯುವಿಕೆಯೂ ಇಲ್ಲ. ಕಿವಿಯನ್ನು ಇನ್ನೊಂದು ಕಡೆಗೆ ಸರಿಸಿದೆ, ಅಲ್ಲೂ ಅದೇ. ಹೆದರಿದ ಪ್ರಾಣಿಯ ಹೊಟ್ಟೆ ನನಗೆ ಗೊತ್ತು. ಸಿಡಿಲಿಗೆ ಹೆದರಿದ್ದನ್ನು, ಚಿರತೆಯ ವಾಸನೆಗೆ ಹೆದರಿದ್ದನ್ನು ಕೇಳಿದ್ದೇನೆ. ಹೆದರಿದ ಹೊಟ್ಟೆ ಸುಮ್ಮನಿರುವುದಿಲ್ಲ, ಸಂತೆಯ ಹಾಗೆ ಗದ್ದಲ ಮಾಡುತ್ತದೆ, ಕೂಡಲೇ ಕೆಳಗೆ ಸುರಿಸುತ್ತದೆ. ಇದು ಹೆದರಿಕೆ ಅಲ್ಲ. ಅಷ್ಟು ಖಾತ್ರಿಯಾದಾಗ ನನಗೆ ಎಷ್ಟು ಸಮಾಧಾನ ಆಯಿತೋ ಅದು ಒಂದು ಉಸಿರಿನಷ್ಟೂ ಉಳಿಯಲಿಲ್ಲ. ಯಾಕೆಂದರೆ ಈ ಸದ್ದನ್ನು ನಾನು ಇನ್ನೊಂದು ಕಡೆ ಕೇಳಿದ್ದೆ.

ಇಪ್ಪತ್ತು ವರ್ಷದ ಹಿಂದೆ ಒಂದು ಕಂದು ಹೇಸರಗತ್ತೆ ಹಗ್ಗ ಕಚ್ಚಿ ಬಿಡಿಸಿಕೊಂಡು ಮೇವಿನ ಕೋಣೆಗೆ ನುಗ್ಗಿ, ನಾವು ಎಲ್ಲ ಪ್ರಾಣಿಗಳಿಗೂ ಸೇರಿಸಿ ಕದಡಿಟ್ಟಿದ್ದ ಉಪ್ಪು ಬೆಲ್ಲದ ಗಟ್ಟಿ ನೀರನ್ನು ತಾನೊಂದೇ ಕುಡಿದುಬಿಟ್ಟಿತ್ತು. ಅದರ ಹೊಟ್ಟೆಯಲ್ಲಿ ಇದೇ ಸದ್ದು. ಮೇಲೆ ಕೊಡ, ಕೆಳಗೆ ಸುಮ್ಮನೆ. ಆಗಿನ ನಮ್ಮ ಹಿರಿಯ ಹೇಳಿದ್ದ, ಅತಿಯಾಗಿ ಸಿಹಿ ಉಪ್ಪು ಬಿದ್ದರೆ ಹೊಟ್ಟೆ ಅದನ್ನು ಕೆಳಗೆ ಬಿಡುವುದಿಲ್ಲ, ಮೈಯಲ್ಲಿರುವ ನೀರನ್ನೇ ಎಳೆದು ತಂದು ಅದಕ್ಕೆ ಬೆರೆಸುತ್ತ ಕೂರುತ್ತದೆ, ಪ್ರಾಣಿ ಹೊಟ್ಟೆ ತುಂಬ ನೀರಿಟ್ಟುಕೊಂಡೇ ಒಣಗುತ್ತದೆ ಅಂತ.

ಕಿವಿ ತೆಗೆದೆ. ಅವಳ ಬಾಟಲಿ ಬೆಂಚಿನ ಕೆಳಗೆ ಬಿದ್ದಿತ್ತು. ಮುಚ್ಚಳ ತೆಗೆದು ಒಂದು ಗುಟುಕು ಬಾಯಿಗೆ ಹಾಕಿಕೊಂಡೆ. ಮೂರು ವರ್ಷದಲ್ಲಿ ಒಂದು ಸಲವೂ ನಾನು ಅದನ್ನು ಕುಡಿದು ನೋಡಿರಲಿಲ್ಲ. ಬಕೆಟ್ಟಿಗೆ ಬೆರೆಸಿದವನು ಮೊದಲು ತಾನು ನಾಲಿಗೆಗೆ ಹಚ್ಚಿ ನೋಡಬೇಕು ಅಂತ ನಾನೇ ಎಷ್ಟು ಜನ ಆಳುಗಳ ಕಿವಿ ಹಿಂಡಿದ್ದೆ. ಅಂಟಂಟಾದ ಪಾಕ, ಹಿಂದಿನಿಂದ ಉಪ್ಪು, ಅದರ ಮೇಲೆ ನಿಂಬೆಯ ಮುಸುಕು. ಗಂಟಲಲ್ಲಿ ಇಳಿಯಲಿಲ್ಲ.

"ಏನು ಹೇಳ್ತು ಹೊಟ್ಟೆ?" ಅಂತ ಸೂಜಿ ಕೇಳಿದಳು.

ನಾನು ಬಾಟಲಿಯ ಮುಚ್ಚಳ ತಿರುಗಿಸುತ್ತ ಕೂತೆ.

ಅವಳು ನನ್ನ ಮುಖ ನೋಡಿದಳು. ಮುದುಕನಿಗೂ ಹೇಳಲು ಏನೂ ಉಳಿದಿಲ್ಲ ಅಂತ ಅರ್ಥ ಮಾಡಿಕೊಂಡಳೋ ಏನೋ. ಎದ್ದು ಗೋಡೆ ಹಿಡಿದು ಮೇಷ್ಟ್ರ ಮೇಜಿನವರೆಗೆ ಹೋದಳು. ಓಟ ಬಿಡುವವರು ಎದೆಯ ಮೇಲಿನ ನಂಬರಿನ ಬಟ್ಟೆಯನ್ನು ಬಿಚ್ಚಿ ಅವರಿಗೆ ಕೊಡಬೇಕು, ಅವರು ಹೆಸರಿನ ಮುಂದೆ ಗೆರೆ ಎಳೆಯುತ್ತಾರೆ. ನಾಲ್ಕು ಮೂಲೆಗೆ ನಾಲ್ಕು ಪಿನ್ನು. ಗಡಿಯಾರದಲ್ಲಿ ಎರಡೂ ನಲವತ್ತೊಂದು.

ಮೊದಲನೆಯ ಪಿನ್ನು ಬಿಚ್ಚಿದಳು. ಬಾಯಿ ಬಿಡು ಅಂತ ನನಗೆ ನಾನೇ ಹೇಳಿಕೊಂಡೆ. ಮೂವತ್ತೆಂಟು ವರ್ಷ ಹೊಟ್ಟೆಯ ವಿಷಯದಲ್ಲಿ ನನ್ನ ಮಾತೇ ಮಾತು. ಗಣಿಯ ಧಣಿಗಳು ಪಶುವೈದ್ಯರನ್ನು ಬಿಟ್ಟು ನನ್ನನ್ನು ಕೇಳುತ್ತಿದ್ದರು. ಈಗ ಇಷ್ಟು ಜನರ ಎದುರು, ಅದೂ ಆ ತಕ್ಕಡಿಯವನ ಎದುರು, ಏನಂತ ಹೇಳಲಿ? ಎರಡನೆಯ ಪಿನ್ನು. ಮಾತು ಬೆಳ್ಳಿ, ಮೌನ ಬಂಗಾರ ಅನ್ನುತ್ತಾರೆ. ಆಯುಷ್ಯವೆಲ್ಲ ಆ ಬಂಗಾರವನ್ನೇ ಕೂಡಿಹಾಕಿದವನು ನಾನು. ಮೂರನೆಯ ಪಿನ್ನು ಅವಳಿಗೆ ಬಿಚ್ಚಲು ಬರುತ್ತಿರಲಿಲ್ಲ. ಮೇಷ್ಟ್ರು ಕಾಯುತ್ತಿದ್ದರು. ಅವಳು ಅವರಿಗೆ, ಹೊಟ್ಟೆ ಏನಲ್ಲ ಸಾರ್, ನನಗೆ ಸ್ವಲ್ಪ ಹೆದರಿಕೆಯ ಕಾಯಿಲೆ ಇದೆ ಅಂತ ಹೇಳುತ್ತಿದ್ದಳು. ಪರಿಚಯವೇ ಇಲ್ಲದ ಮನುಷ್ಯನ ಹತ್ತಿರ, ಹೆಸರು ಹೇಳಿದಷ್ಟು ಸಲೀಸಾಗಿ.

"ಸೂಜಿ, ಬಿಚ್ಚಬೇಡ," ಅಂದೆ. "ನಿನಗೆ ಯಾವ ಕಾಯಿಲೆಯೂ ಇಲ್ಲ. ನಿನ್ನ ಬಾಟಲಿಗೆ ನಾನು ಸಕ್ಕರೆ ಉಪ್ಪು ಹಾಕಿದ್ದೀನಿ. ಮೂರು ವರ್ಷದಿಂದ ಹಾಕ್ತಾ ಇದ್ದೀನಿ."

ಕೋಣೆಯಲ್ಲಿ ಆಲೂಗಡ್ಡೆ ಜಗಿಯುತ್ತಿದ್ದವರೂ ನಿಲ್ಲಿಸಿದರು. ಅಳಿಯ ಹಾಳೆಯನ್ನು ಕೆಳಗಿಟ್ಟ.

"ಎಷ್ಟು ಹಾಕ್ತಿದ್ರಿ ಮಾವ?"

ಕೈ ಮುಚ್ಚಿ ತೋರಿಸಿದೆ. ಅವನು ಬಾಟಲಿ ತೆಗೆದುಕೊಂಡು ರುಚಿ ನೋಡಿದ. ಮುಖ ಕೆಂಪಾಯಿತು, ಆಮೇಲೆ ಬಿಳಿಯಾಯಿತು. ತೂಗಿ ಹಾಕಿದ್ದು ನಾಲ್ಕು ಗ್ರಾಂ ಕಮ್ಮಿಯೋ ಜಾಸ್ತಿಯೋ ಅಂತ ನಾನು ರಾತ್ರಿ ನಿದ್ದೆಗೆಟ್ಟಿದ್ದೀನಿ, ನನಗೊಂದು ಮಾತು ಹೇಳಬಾರದಿತ್ತಾ ಅಂತ ಕೇಳಿದ. ನೀನು ಕೇಳಬಾರದಿತ್ತಾ ಅಂತ ನನ್ನ ನಾಲಿಗೆಯ ತುದಿಗೂ ಬಂತು. ಮೂರು ವರ್ಷ ಒಂದೇ ವ್ಯಾನಿನಲ್ಲಿ ಪಕ್ಕಪಕ್ಕ ಕೂತು ಬಂದ ಇಬ್ಬರು ಗಂಡಸರು, ಬಾಟಲಿಯೊಳಗೆ ಏನಿದೆ ಅಂತ ಒಬ್ಬರನ್ನೊಬ್ಬರು ಕೇಳಿರಲಿಲ್ಲ. ಅವನು ತನ್ನ ಅಳತೆಯ ಮೇಲೆ ಅಷ್ಟು ನಂಬಿಕೆ ಇಟ್ಟಿದ್ದ, ನಾನು ನನ್ನ ಹಿಡಿಯ ಮೇಲೆ. ಮನೆ ಗುಡ್ಡದ ಅಭ್ಯಾಸಕ್ಕೆ ನಾನು ಹೋಗುತ್ತಿರಲಿಲ್ಲ. ಅಲ್ಲಿ ಅವಳ ಹೊಟ್ಟೆಗೆ ಏನೂ ಆಗುತ್ತಿರಲಿಲ್ಲ. ಇಷ್ಟು ಸಾದಾ ವಿಷಯ. ಗಂಟಲಿಗೆ ಕೊಳವೆ ಇಳಿಸುವ ಬದಲು ನನ್ನ ಡಬ್ಬಿಗೆ ಕೈ ಇಳಿಸಿದ್ದರೆ ಸಾಕಿತ್ತು.

ಸೂಜಿ ನನ್ನ ಕಡೆ ತಿರುಗಿದಳು. ಬಿಚ್ಚಿದ ಎರಡು ಪಿನ್ನು ಅವಳ ಅಂಗೈಯಲ್ಲಿದ್ದವು.

"ಒಂದು ಇಡೀ ಪುಸ್ತಕ ಹೆದರಿಕೆ ಬರೆದಿದ್ದೀನಿ ದೊಡ್ಡಪ್ಪ," ಅಂದಳು. "ಏನೂ ಹೊಳೀದೆ ಇದ್ದಾಗ ಯೋಚನೆ ಮಾಡಿ ಮಾಡಿ ಬರೆದಿದ್ದೀನಿ. ನೀನು ನಮ್ಮನೆ ಕುರ್ಚೀಲಿ ಕೂತು ನೋಡ್ತಾ ಇದ್ದೆ."

ಹೌದು ಅಂದೆ. ಬೈದಿದ್ದರೆ ಚೆನ್ನಾಗಿತ್ತು.

ಅವಳು ನರ್ಸಮ್ಮನ ಕಡೆ ತಿರುಗಿ, ಈಗ ಏನು ಮಾಡಬೇಕು ಹೇಳಿ ಅಂದಳು. ಅವರು ಹೇಳಿದ್ದು ಮೂರೇ ಮಾತು. ಬರುವುದಾದರೆ ವಾಂತಿ ಮಾಡಿಕೊಳ್ಳಿ, ತಡೆಯಬೇಡಿ. ಆಮೇಲೆ ಬರೀ ನೀರು, ಒಂದೊಂದು ಗುಟುಕು, ಬಾಯಿ ಒದ್ದೆಯಾಗುವಷ್ಟು. ಮುಂದಕ್ಕೆ ಹೋಗುವುದಾದರೆ ಮೊದಲು ನಡೆಯಿರಿ, ತಲೆ ಸುತ್ತಿದರೆ ಅಲ್ಲೇ ಕೂತುಬಿಡಿ. ಅಳಿಯ ಬೇಡ ಅಂದ, ಮೈಯಲ್ಲಿ ನೀರಿಲ್ಲ, ಅಪಾಯ ಅಂದ. ಅವಳು ಅವನನ್ನು ದಾಟಿಕೊಂಡು ಹೊರಗೆ ನಡೆದಳು. ಶಾಲೆಯ ಹಿಂದಿನ ನಲ್ಲಿಯ ಹತ್ತಿರ ಹೋದಳು. ಎರಡು ವರ್ಷ ಅವಳು ವಾಂತಿಯನ್ನು ಹಲ್ಲು ಕಚ್ಚಿ ತಡೆದಿದ್ದಳು. ಬಂದರೆ ಸೋತ ಹಾಗೆ ಅಂತ ಯಾರೋ ತಲೆಗೆ ತುಂಬಿದ್ದರು. ಈ ಸಲ ತಡೆಯಲಿಲ್ಲ. ಹೇಸರಗತ್ತೆಗೆ ದೇವರು ಕೊಡದ ಒಂದು ಸೌಕರ್ಯ ಮನುಷ್ಯನಿಗೆ ಇದೆ, ಅದನ್ನೂ ಬಳಸಲು ಬಿಡುವುದಿಲ್ಲ ಈ ಪಂಡಿತರು.

ಮುಖ ತೊಳೆದುಕೊಂಡು ಬಂದು ಗೋಡೆಗೆ ಒರಗಿ ಕೂತಳು. ಒಂದು ಗುಟುಕು ನೀರು. ಸ್ವಲ್ಪ ಹೊತ್ತು. ಇನ್ನೊಂದು ಗುಟುಕು. ಕೈಗಡಿಯಾರ ಮತ್ತೆ ಕಿರುಚುವ ಮೊದಲೇ ಅದನ್ನು ಬಿಚ್ಚಿ ಗಂಡನ ಕೈಗೆ ಕೊಟ್ಟಳು. ಮೇಷ್ಟ್ರು, ಎರಡೂ ಐವತ್ತೈದು ಅಮ್ಮಾ ಅಂತ ಹೇಳಿದರು. ಎದ್ದಳು. ಪಿನ್ನು ಹಾಕಿಕೊಳ್ಳಲು ಹೋದಳು, ಬಟ್ಟೆಗೆ ಸಿಗಲಿಲ್ಲ, ಅಳಿಯ ಹಾಕಿಕೊಟ್ಟ. ಬರೀ ನೀರಿನ ಒಂದು ಬಾಟಲಿಯನ್ನು ಅವಳೇ ನಲ್ಲಿಯಿಂದ ತುಂಬಿಕೊಂಡಿದ್ದಳು. ನಾನು ಕೈ ಚಾಚಿದ್ದೆ, ಕೊಡಲಿಲ್ಲ. ಎರಡೂ ಐವತ್ತೆಂಟಕ್ಕೆ ಬಾಗಿಲು ದಾಟಿದಳು. ಓಡಲಿಲ್ಲ, ನಡೆದಳು.

ಓಟ ಮುಗಿಯುವ ಜಾಗಕ್ಕೆ ನಾನು, ಅಳಿಯ ವ್ಯಾನಿನಲ್ಲಿ ಹೋದೆವು. ಒಂದು ಗಂಟೆಯ ದಾರಿ. ಒಂದು ಕಡೆ ಅವನು, ಲಾಯದಲ್ಲಿ ಬಕೆಟ್ಟು ಎಷ್ಟು ಲೀಟರಿನದು ಮಾವ ಅಂತ ಕೇಳಿದ. ಇಪ್ಪತ್ತು ಅಂದೆ. ಅದಕ್ಕೆ ಎಷ್ಟು ಹಿಡಿ ಅಂದ. ಎರಡು ಅಂದೆ. ಅವನು ತಲೆ ಅಲ್ಲಾಡಿಸಿ ಮತ್ತೆ ರಸ್ತೆ ನೋಡಿದ. ಲೆಕ್ಕ ನನಗೂ ಆಯಿತು. ಇಪ್ಪತ್ತು ಲೀಟರಿಗೆ ಎರಡು, ಅರ್ಧ ಲೀಟರಿಗೆ ಒಂದು. ಮನಸ್ಸಿನಲ್ಲಿ ಪ್ರೀತಿ ಇದ್ದವನು ಅಳತೆ ನೋಡುವುದಿಲ್ಲ ಅಂತ ಹೇಳಿ ಜಾರಿಕೊಳ್ಳಬಹುದು. ಆದರೆ ನನಗೆ ಹೇಸರಗತ್ತೆಗಳ ಮೇಲೂ ಪ್ರೀತಿ ಇತ್ತು, ಅವುಗಳ ಅಳತೆ ನಾನು ಒಂದು ದಿನವೂ ತಪ್ಪಿರಲಿಲ್ಲ.

ಅಲ್ಲಿ ಕಾಯುವವರ ನಡುವೆ ನಿಂತೆವು. ಆರು ಗಂಟೆಗೆ ಬಂದವರಿಗೆ ಚಪ್ಪಾಳೆ, ಆರೂವರೆಗೆ ಬಂದವರಿಗೆ ಇನ್ನೂ ಜೋರು ಚಪ್ಪಾಳೆ. ಏಳಕ್ಕೆ ಐದು ನಿಮಿಷ ಇರುವಾಗ ಒಬ್ಬ ಮುದುಕ, ನನ್ನ ವಯಸ್ಸಿಗೆ ಹತ್ತು ಕಡಿಮೆ ಇರಬೇಕು, ಎರಡು ಕೋಲು ಊರಿಕೊಂಡು ಬಂದ. ಸೂಜಿ ಬರಲಿಲ್ಲ. ಏಳು ಹೊಡೆಯಿತು. ಗಡಿಯಾರ ನಿಲ್ಲಿಸಿದರು. ಹಗ್ಗ ಸುತ್ತತೊಡಗಿದರು, ಜನ ತಮ್ಮ ತಮ್ಮ ಗಾಡಿಗಳ ಕಡೆ ಹೊರಟರು. ಅಳಿಯ ಜೀಪಿನವರನ್ನು ವಿಚಾರಿಸಲು ಓಡಿದ.

ಏಳೂ ಆರಕ್ಕೆ ಅವಳು ತಿರುವಿನಲ್ಲಿ ಕಾಣಿಸಿದಳು. ಓಡುತ್ತಿದ್ದಳು. ಸೊಂಟ ಬಿಗಿದ ಓಟ ಅಲ್ಲ, ಮನೆ ಗುಡ್ಡದಲ್ಲಿ ಓಡುವ ಸಡಿಲ ಓಟ. ಹಗ್ಗ ಸುತ್ತುತ್ತಿದ್ದವರು ಅವಳಿಗಾಗಿ ಕೈಯಲ್ಲಿದ್ದದ್ದನ್ನು ಪಕ್ಕಕ್ಕೆ ಸರಿಸಿದರು. ಗೆರೆ ದಾಟಿ ಬಂದು ನನ್ನ ಮುಂದೆ ನಿಂತಳು.

"ಎಷ್ಟಾಯ್ತು?"

"ಏಳೂ ಆರು," ಅಂದೆ.

ತಲೆ ಆಡಿಸಿದಳು. ಓಟ ನಡೆಸುವವರು ಅವಳ ಹೆಸರಿನ ಮುಂದೆ ಗೆರೆ ಎಳೆದಾಗಿತ್ತು. ಅವಳಿಗೆ ಅದು ಗೊತ್ತಿತ್ತು. ಅಲ್ಲೇ ಇದ್ದ ಕಲ್ಲುಕಟ್ಟೆಯ ಮೇಲೆ ಕೂತಳು, ಹಸಿವಾಗ್ತಿದೆ ಅಂದಳು. ಮೂರು ವರ್ಷದಲ್ಲಿ ಓಟದ ದಿನ ಅವಳ ಬಾಯಲ್ಲಿ ಆ ಮಾತು ಬಂದದ್ದು ಅದೇ ಮೊದಲು. ಅಷ್ಟರಲ್ಲಿ ಓಡಿ ಬಂದ ಅಳಿಯ ಬ್ರೆಡ್ಡು, ಬಾಳೆಹಣ್ಣು ತರಲು ವಾಪಸು ಓಡಿದ. ಈ ಸಲ ಹಾಳೆ ನೋಡಲಿಲ್ಲ.

ಅವಳು ಎರಡು ಬಾಳೆಹಣ್ಣು ತಿಂದಳು, ಮೂರನೆಯದನ್ನು ಸುಲಿದಳು. ತಿನ್ನುತ್ತ, ಹೊಟ್ಟೆ ಅರವತ್ತೈದರ ಹತ್ತಿರ ಸರಿಹೋಯಿತು, ಆಮೇಲೆ ಸಿಟ್ಟಿನಲ್ಲೇ ಓಡಿದೆ ಅಂತ ಗಂಡನಿಗೆ ಹೇಳಿದಳು. ನಿಮ್ಮಿಬ್ಬರನ್ನೂ ನೆನೆಸಿಕೊಂಡು ಬೈದಷ್ಟು ಬೈಗುಳ ಆ ಬೆಟ್ಟದಲ್ಲಿ ಯಾರೂ ಬೈದಿರಲಿಕ್ಕಿಲ್ಲ ಅಂದಳು. ಬೂಟು ಕೊಟ್ಟುಬಿಡುವ ಮಾತು ತೆಗೆಯಲಿಲ್ಲ. ನನ್ನ ಕಡೆ ನೋಡಲೂ ಇಲ್ಲ.

ಆಮೇಲೆ ಬೂಟು ಬಿಚ್ಚಲು ಬಗ್ಗಿದಳು. ಸೊಂಟ ಬಗ್ಗಲಿಲ್ಲ. ಎರಡು ಸಲ ನೋಡಿದಳು, ಆಗಲಿಲ್ಲ. ಅಳಿಯನ ಎರಡೂ ಕೈಯಲ್ಲಿ ತಿಂಡಿ. ಅವಳು ಸಂಜೆಯ ಬೆಟ್ಟವನ್ನು ನೋಡುತ್ತಲೇ ಬಲಗಾಲನ್ನು ನನ್ನ ಕಡೆಗೆ ಚಾಚಿದಳು.

ನಾನು ಕೂತು ಲೇಸಿಗೆ ಕೈ ಹಾಕಿದೆ. ಮಣ್ಣು ಕಚ್ಚಿ ಗಂಟು ಕಲ್ಲಾಗಿತ್ತು.

"ಎಳೀಬೇಡ," ಅಂದಳು. "ಹೆಬ್ಬೆರಳಿನ ಉಗುರು ಹೋಗಿದೆ. ಮೊದಲು ಕೇಳು, ಆಮೇಲೆ ಎಳಿ."

"ಎಳೀಲಾ?" ಅಂತ ಕೇಳಿದೆ.

"ಇನ್ನೂ ಇಲ್ಲ," ಅಂದಳು. ಕಾಲು ಹಿಡಿದುಕೊಂಡು ಕೂತೆ.